ಹಳೇ ಹಿಟ್ಸ್, ಹೊಸ ಗಂಟಲು

ಕ್ಯಾಸೆಟ್ ಕಾಲದಲ್ಲಿ ಹುಡುಗಿಯರ ನಿದ್ದೆ ಕೆಡಿಸಿದ್ದ ಪಾಪ್ ಗಾಯಕ ಮಯೂರ್ ಕಿರಣನ ಹಿಟ್ ಹಾಡುಗಳ ಆಲ್ಬಂ ಮತ್ತೆ ಹೊರಬರಲಿತ್ತು. ಆದರೆ ಹಳೆಯ ಟೇಪುಗಳಲ್ಲಿ ಒಂದು ಹಾಡು ಬೂಷ್ಟು ಹಿಡಿದು ಹಾಳಾಗಿತ್ತು. ಅದನ್ನು ಮಿಮಿಕ್ರಿ ತಿಪ್ಪೇಶನಿಂದ ಹಾಡಿಸೋಣ ಎಂದ ಕಂಪನಿಯವರ ಮೇಲೆ ಮಯೂರ್ ಕೆಂಡವಾದ.

"ನಾನಿನ್ನೂ ಬದುಕಿದ್ದೀನಿ ಕಣ್ರೀ" ಎಂದವನೇ, ಅರವತ್ತು ದಾಟಿದ ಮಂಡಿನೋವಿನಲ್ಲೂ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದು ತಾನೇ ಹಾಡಿದ.

ಮರುದಿನ ರೆಕಾರ್ಡಿಂಗ್ ನೋಡಿಕೊಳ್ಳುವ ಸುಹೇಲ್ ಅವನನ್ನು ಕರೆಸಿದ. "ತಿಪ್ಪೇಶಣ್ಣನೂ ಬಂದು ಹಾಡಿ ಹೋಗಿದ್ದಾರೆ ಸರ್. ಆಲ್ಬಂಗೆ ಯಾವುದು ಹಾಕೋದು ಅಂತ ನೀವೇ ಕೇಳಿ ಹೇಳಿಬಿಡಿ" ಎಂದು, ಅದೇ ಹಾಡನ್ನು ಎರಡು ದನಿಯಲ್ಲಿ ಕೇಳಿಸಿದ.

ಮೊದಲನೆಯದನ್ನು ಕೇಳುತ್ತ ಮಯೂರನ ಕಣ್ಣು ತುಂಬಿಬಂತು. ಎರಡನೆಯದು ಮೇಲಿನ ಸ್ವರಕ್ಕೆ ಹೋಗಿ ಕೀರಲಾಗಿ, ಪಲ್ಲವಿಯ ಮಧ್ಯೆ ಕೆಮ್ಮಿತು.

"ಮೊದಲನೆಯದು ನಂದು, ಅದನ್ನೇ ಹಾಕು" ಎಂದ ಮಯೂರ್. "ಎರಡನೆಯದು ಆ ತಿಪ್ಪೇಶ ನನ್ನ ಮಾನ ಕಳೆಯೋಕೆ ಹಾಡಿರೋದು. ಅಳಿಸಿಬಿಡು."

ಸುಹೇಲ್ ತಲೆ ಕೆರೆದುಕೊಂಡ.

"ಎರಡೂ ತಿಪ್ಪೇಶಣ್ಣಂದೇ ಸರ್. ಒಂದು ನಿಮ್ಮ ಆಗಿನ ದನಿ, ಇನ್ನೊಂದು ಈಗಿಂದು. ನಿಮ್ಮದನ್ನ ನಾನಿನ್ನೂ ಕೇಳಿಸೇ ಇಲ್ಲ."