ವಿಷಯದ ಪರವಾಗಿ

ಕಾಲೇಜಿಗೊಬ್ಬಳೇ ಟ್ರಾನ್ಸ್ ಹುಡುಗಿ ಇಂಚರ. ತರಗತಿ ಇದ್ದ ದಿನ ಅವಳು ಬೆಳಿಗ್ಗೆಯಿಂದ ಒಂದು ಹನಿ ನೀರೂ ಕುಡಿಯುತ್ತಿರಲಿಲ್ಲ. ಗಂಡಸರ ಶೌಚಾಲಯಕ್ಕೆ ಹೋದರೆ ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು, ಹೆಂಗಸರ ಶೌಚಾಲಯಕ್ಕೆ ಹೋದರೆ ಹುಡುಗಿಯರು ಕಿರುಚುತ್ತಿದ್ದರು.

ಅವತ್ತು ಸಭಾಂಗಣದಲ್ಲಿ ಚರ್ಚಾ ಸ್ಪರ್ಧೆ. ವಿಷಯವೂ ಅದೇ: ಟ್ರಾನ್ಸ್ ಹೆಣ್ಣುಮಕ್ಕಳನ್ನು ಹೆಂಗಸರ ಶೌಚಾಲಯಕ್ಕೆ ಬಿಡಬೇಕೇ? ಪರವಾಗಿ ಮಾತಾಡಲು ಎದ್ದ ಮೋನಿಷಾ ಮೈಕನ್ನು ಕತ್ತಿಯಂತೆ ಹಿಡಿದಳು.

"ಅವಳೂ ನಮ್ ಥರಾನೇ ಹೆಣ್ಣು! ಅವಳನ್ನ ತಡೆಯೋ ಗಂಡೆದೆ ಯಾವನಿಗಾದ್ರೂ ಇದ್ರೆ ಸ್ಟೇಜಿಗೆ ಬರ್ಲಿ, ನೋಡೇ ಬಿಡೋಣ!"

ಚಪ್ಪಾಳೆಗೆ ಸಭಾಂಗಣದ ತಗಡಿನ ಚಾವಣಿ ಅದುರಿತು. ತೀರ್ಪುಗಾರರೊಬ್ಬರು ಕಣ್ಣೊರೆಸಿಕೊಂಡರು. ಇಂಚರ ಅತ್ತೇಬಿಟ್ಟಳು. ಆಮೇಲೆ ಪಕ್ಕದವಳ ಬಾಟಲಿ ಇಸಿದುಕೊಂಡು, ಅಷ್ಟೂ ನೀರನ್ನು ಗಟಗಟ ಕುಡಿದಳು.

ಬಹುಮಾನ ವಿತರಣೆ ಮುಗಿದ ಸ್ವಲ್ಪ ಹೊತ್ತಿಗೆ ತಡೆಯಲಾಗದೆ ಎದ್ದು ಓಡಿದಳು. ಹೆಂಗಸರ ಶೌಚಾಲಯದ ಬಾಗಿಲಲ್ಲಿ ಕಪ್ ಹಿಡಿದು ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಮೋನಿಷಾ ಕೈ ಅಡ್ಡ ಚಾಚಿದಳು.

"ಏಯ್, ಎಲ್ಲಿಗೆ?"

"ಒಳಗೆ ಕಣೇ, ಅರ್ಜೆಂಟು. ನೀನೇ ಹೇಳಿದ್ಯಲ್ಲ ಈಗ..."

"ಅಯ್ಯೋ ಪೆದ್ದಿ, ಚೀಟಿ ಎತ್ತಿದಾಗ ನಂಗೆ ಪರ ಬಂತು, ಹೇಳ್ದೆ. ಅಷ್ಟೇ."

"ದಮ್ಮಯ್ಯ ಮೋನಿ, ಒಂದೇ ನಿಮಿಷ. ನನ್ ಕೈಲಿ ಆಗ್ತಿಲ್ಲ."

ಮೋನಿಷಾ ಕೈ ತೆಗೆಯಲಿಲ್ಲ. ಇಂಚರಳ ಚೂಡಿದಾರ ಒದ್ದೆಯಾಯಿತು, ನೆಲವೂ ಒದ್ದೆಯಾಯಿತು. ಮೋನಿಷಾ ಮೊಬೈಲನ್ನು ಅವಳ ಕಡೆ ತಿರುಗಿಸಿದಳು.

"ಹಂಗೇ ನಿಂತ್ಕೋ, ಅಲ್ಲಾಡ್ಬೇಡ. ಮುಂದಿನ ವಾರ ರಾಜ್ಯಮಟ್ಟದ ಸ್ಪರ್ಧೇಲೂ ಇದೇ ವಿಷಯ, ನಂಗೆ ವಿರೋಧ ಬಂದಿದೆ. ಇವ್ರಿಗೆ ಶೌಚಾಲಯ ಬಳಸೋಕೇ ಬರಲ್ಲ ಅನ್ನೋಕೆ ಒಂದು ಸಾಕ್ಷಿ ಬೇಕಿತ್ತು."