ಮೂರೇ ತಿಂಗಳಲ್ಲಿ

ಭಾವಮೈದ ಅಳತೆಪಟ್ಟಿ ಹಿಡಿದು ಜಿಮ್ಮಿನ ಗೋಡೆ ಅಳೆಯುತ್ತಿದ್ದ. ಪಟ್ಟಿಯ ಇನ್ನೊಂದು ತುದಿ ಹಿಡಿದು ನಿಂತಿದ್ದವರು ಸ್ವತಃ ಜಿಮ್ ಮೇಷ್ಟ್ರು. ತಮ್ಮ ಗೋರಿಗೆ ತಾವೇ ಅಳತೆ ಕೊಟ್ಟಂತಿತ್ತು.

ಕಟ್ಟಡ ಹೆಂಡತಿಯ ತವರಿನದು. ಭಾವಮೈದನದು ಹಾಸಿಗೆ ವ್ಯಾಪಾರ. ಮನುಷ್ಯ ಹಗುರ, ಮಾತು ಭಾರ.

"ಸೋಮವಾರದೊಳಗೆ ಹತ್ತು ಜನ ಹೊಸಬರು ಸೇರಿದ್ರೆ ಸರಿ ಭಾವ. ಇಲ್ಲಾಂದ್ರೆ ಕೀಲಿ ಕೊಟ್ಬಿಡಿ. ಇಲ್ಲಿ ಹಾಸಿಗೆ ಜೋಡಿಸ್ತೀನಿ."

ಹನ್ನೆರಡು ವರ್ಷ ಜನರನ್ನು ಎಬ್ಬಿಸಿ ಕುಣಿಸಿದ ಜಾಗದಲ್ಲಿ ಮಲಗುವ ಸಾಮಾನು. ಮೇಷ್ಟ್ರು ನೇರ ಮನೆಗೆ ಹೋಗಿ ಜಾಹೀರಾತು ಮಾಡುವುದು ಹೇಗೆಂದು ಮಗಳನ್ನು ಕೇಳಿದರು.

ಮಗಳು ಕಂಪ್ಯೂಟರಿಗೆ ವಿಡಿಯೋ ಮಾಡುವ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಳು. "ಫೋಟೋ ಎಲ್ಲ ಇದರೊಳಗೆ ಹಾಕು, ಮೈಕಲ್ಲಿ ಮಾತಾಡು, ಹಸಿರು ಗುಂಡಿ ಒತ್ತು. ಜೋಡಿಸೋದೆಲ್ಲ ಅದೇ ನೋಡ್ಕೊಳ್ಳುತ್ತೆ. ಎಷ್ಟು ಸುಲಭ ಅಂದ್ರೆ, ಅಪ್ಪ, ನಿಂಗೂ ಬರುತ್ತೆ."

ಫೋಟೋಗಳಿಗೆ ಬರವಿರಲಿಲ್ಲ. ಸೇರಿದ ದಿನ ಒಂದು, ಮೂರು ತಿಂಗಳಾದ ಮೇಲೆ ಇನ್ನೊಂದು, ಎಲ್ಲರನ್ನೂ ಅದೇ ಗೋಡೆಯೆದುರು ಪಕ್ಕಕ್ಕೆ ತಿರುಗಿಸಿ ತೆಗೆದಂಥವು. ಮೇಷ್ಟ್ರ ಹೆಮ್ಮೆಯೆಂದರೆ ಟೈಲರ್. ಸೇರಿದಾಗ ಅವನು ಹೊಟ್ಟೆಯಾಚೆ ಹೊಲಿಗೆ ಯಂತ್ರವಿದೆ ಎಂಬ ನಂಬಿಕೆಯ ಮೇಲೆ ಹೊಲಿಯುತ್ತಿದ್ದ. ಈಗ ಅರೆತೆರೆದ ಬಾಗಿಲಲ್ಲೂ ಸಲೀಸಾಗಿ ನುಸುಳುತ್ತಾನೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮೊದಲು ಹೀಗಿದ್ದರು. ಮೂರೇ ತಿಂಗಳಲ್ಲಿ ಹೀಗಾದರು. ಇಲ್ಲಿಗೆ ಬಂದವರು ಯಾರೂ ಬಂದ ಹಾಗೇ ವಾಪಸ್ ಹೋಗಿಲ್ಲ." ಹಿನ್ನೆಲೆಗೆ ಡೋಲಿನ ಸದ್ದು ಸೇರಿಸಿ ಗುಂಡಿ ಒತ್ತಿದರು. ತಯಾರಾದ ವಿಡಿಯೋವನ್ನು ಒಂಬತ್ತು ಸಲ ಹಾಕಿ, ಕಣ್ಣು ಮುಚ್ಚಿ ಕೇಳಿ, ತಮ್ಮ ದನಿಗೆ ತಾವೇ ತಲೆದೂಗಿದರು. ಆಮೇಲೆ ಬಡಾವಣೆಯವರಿಗೆಲ್ಲ ಫೋನಿನಲ್ಲಿ ಕಳಿಸಿದರು.

ಒಂದು ಗಂಟೆಯೊಳಗೆ ಫೋನ್ ಬಡಿದುಕೊಳ್ಳತೊಡಗಿತು.

ಮೊದಲನೆಯದು ಒಬ್ಬ ಹೆಂಗಸು. "ನಮ್ಮನೆಯವರಿಗೂ ಹಾಗೇ ಮಾಡಿಕೊಡ್ತೀರಾ ಸಾರ್? ಅವರ ಅಳತೆಗೆ ಅಂಗಡೀಲಿ ಬಟ್ಟೇನೇ ಸಿಗಲ್ಲ."

"ನನಗೆ ಬಿಡಿ ತಾಯಿ."

ಆಮೇಲೆ ಒಬ್ಬ ಗುಮಾಸ್ತ. "ಸಾರ್, ಮತ್ತೆ ಮೊದಲಿನ ಹಾಗೆ ಆಗೋಗಲ್ವಲ್ಲ?"

"ನಾನಿರೋ ತನಕ ಆ ಭಯ ಬೇಡ."

ಸಂಜೆ ಟೈಲರನ ಫೋನ್ ಬಂತು. "ಮೇಷ್ಟ್ರೇ, ನಾನು ಅಷ್ಟು ಬೆವರು ಸುರಿಸಿದ್ದು ಇದಕ್ಕೇನಾ?" ಎಂದವನೇ ಫೋನ್ ಇಟ್ಟುಬಿಟ್ಟ. ಪಾಪ, ಸಂತೋಷಕ್ಕೆ ಅಳು ಬಂದಿದೆ ಎಂದುಕೊಂಡ ಮೇಷ್ಟ್ರ ಕಣ್ಣೂ ತೇವವಾಯಿತು.

ಸೋಮವಾರ ಬೆಳಿಗ್ಗೆ ಬಾಗಿಲೆದುರು ಸಾಲು ನಿಂತಿತ್ತು. ಎಣಿಸಿದರೆ ಹತ್ತೊಂಬತ್ತು ಜನ. ಆದರೂ ಸಾಲು ಪಕ್ಕದ ಅಂಗಡಿ ದಾಟಿರಲಿಲ್ಲ. ಎಲ್ಲರಿಗಿಂತ ಮುಂದೆ ಭಾವಮೈದ ನಿಂತಿದ್ದ. ಇಷ್ಟಾದ ಮೇಲೂ ಬಂದನಲ್ಲ ಎಂದು ಮೇಷ್ಟ್ರ ಮೈ ಉರಿಯಿತು.

"ನೀನು ಹತ್ತು ಕೇಳಿದ್ದೆ. ಹಿಂದೆ ತಿರುಗಿ ನೋಡು. ಇನ್ನೂ ಕೀಲಿ ಬೇಕಾ?"

ಭಾವಮೈದ ಅತ್ತಿತ್ತ ನೋಡಿದ. ಹತ್ತಿರ ಬಂದು ದನಿ ತಗ್ಗಿಸಿದ.

"ಕೀಲಿ ನೀವೇ ಇಟ್ಕೊಳ್ಳಿ ಭಾವ, ವಿಡಿಯೋದಲ್ಲಿ ಕಡ್ಡಿ ಹಾಗಿದ್ದ ಆ ಟೈಲರ್‌ಗೆ ಮೂರೇ ತಿಂಗಳಲ್ಲಿ ಅಷ್ಟು ದೊಡ್ಡ ಹೊಟ್ಟೆ ಬರಿಸಿದ್ರಲ್ಲ, ನನಗೆ ಅದರಲ್ಲಿ ಅರ್ಧ ಬಂದ್ರೂ ಸಾಕು."