ಮೊದಲ ಬಟ್ಟಲು

ಜರ್ಮನರು ಅಪ್ಪನನ್ನು ಗಡೀಪಾರಿನ ಹಡಗು ಹತ್ತಿಸಿದ ದಿನ ಫಿಲಿಪೊ ಮಾತು ಕೊಟ್ಟಿದ್ದ: ಸಭೆಯಲ್ಲಿ ಕಾವಾ ಬೇರಿನ ಪಾನಕ ಹಂಚುವಾಗ ಕುಡಿಯುವವರ ಹೆಸರು ಕೂಗುವ ಸರದಿ ತನಗೆ ಬಂದರೆ, ಗೌರವದ ಮೊದಲ ಬಟ್ಟಲಿಗೆ ಎಂದೂ ಜರ್ಮನನ ಹೆಸರು ಕೂಗುವುದಿಲ್ಲ.

ಇಂದು ಸಮೋವಾದ ಅಪಿಯಾದಲ್ಲಿ ಅಂಥದೇ ಸಭೆ, ಕೂಗುವ ಸರದಿ ಅವನದೇ. ಮೊದಲ ಬಟ್ಟಲು ಕುಡಿದ ಮೇಲೆಯೇ ಜರ್ಮನ್ ಗವರ್ನರ್ ಒಪ್ಪಂದಕ್ಕೆ ರುಜು ಹಾಕುವುದು. ಹಾಕಿದರೆ ಸಮೋವಾದ ಆಡಳಿತ ಸಮೋವಾದವರದು, ಜರ್ಮನಿಯ ಕೈಸರ್ ಹೆಸರಿಗಷ್ಟೇ ದೊರೆ. ಕಾವಾ ತುಂಬಿದ ತೆಂಗಿನ ಚಿಪ್ಪಿನ ಬಟ್ಟಲು ಹಿಡಿದ ಹುಡುಗಿ ಫಿಲಿಪೊನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.

"ಕೂಗೋ, ಪಾಪ ಗವರ್ನರನಿಗೆ ಚಕ್ಕಳಮಕ್ಕಳ ಕೂತು ಕಾಲು ಜೋಮು ಹಿಡಿದಿದೆ," ಎಂದು ಪಕ್ಕದಲ್ಲಿದ್ದ ಚಿಕ್ಕಪ್ಪ ಪಿಸುಗುಟ್ಟಿದ.

"ಅಪ್ಪಂಗೆ ಮಾತು ಕೊಟ್ಟಿದೀನಿ ಚಿಕ್ಕಪ್ಪ."

"ನಿಮ್ಮಪ್ಪ ಹಡಗು ಹತ್ತಿದ್ದು ಈ ರುಜುಗೋಸ್ಕರ ಕಣೋ, ಬಟ್ಟಲಿಗಲ್ಲ."

ಫಿಲಿಪೊ ಗಂಟಲು ಸರಿಮಾಡಿಕೊಂಡು ಗವರ್ನರನ ಹೆಸರು ಕೂಗಿದ. ಅಪ್ಪನಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.